ಒಂದು ಕಮಾನು, ನಾಲ್ಕು ತಂತಿ, ಹಾನಗಲ್ಲಿನ ಕಿವಿ

1930ರ ದಶಕದಲ್ಲಿ ಎಚ್‌ಎಂವಿ ಕಂಪನಿ ಧಾರವಾಡ ಸೀಮೆಯ ಯುವತಿಯೊಬ್ಬರ ಹಾಡುಗಳನ್ನು ಮುಂಬೈಯಲ್ಲಿ ಮುದ್ರಿಸಿಕೊಂಡಿತು. ತಟ್ಟೆಯ ಮೇಲೆ ಅಚ್ಚಾದ ಹೆಸರು ‘ಗಾಂಧಾರಿ’. ಮುಂದೆ ಹಿರಿಯರ ಊರನ್ನು ಹೆಸರಿಗೆ ಸೇರಿಸಿಕೊಂಡು ಗಂಗೂಬಾಯಿ ಹಾನಗಲ್ ಎಂದು ನಾಡಿಗೆಲ್ಲ ಪರಿಚಿತರಾದದ್ದು ಇವರೇ. ಅದೇ ದಶಕದಲ್ಲಿ, 1936ರಿಂದ 1939ರ ನಡುವೆ, ಎಚ್‌ಎಂವಿಯ ಅದೇ ನಾಯಿ-ಗ್ರಾಮೊಫೋನಿನ ಗುರುತಿಗಾಗಿ ಲಂಡನ್ ಮತ್ತು ಪ್ಯಾರಿಸ್‌ನಲ್ಲಿ ಕುಳಿತು ಪಾಬ್ಲೊ ಕಸಾಲ್ಸ್ ಕಮಾನಿನ ತಂತಿವಾದ್ಯ ಚೆಲ್ಲೊ ನುಡಿಸಿದರು. ಅವರ ದೇಶ ಸ್ಪೇನ್ ಆಗ ಅಂತರ್ಯುದ್ಧದಲ್ಲಿ ಬೇಯುತ್ತಿತ್ತು. ಅವರು ನುಡಿಸಿದ್ದು ಬರೋಕ್ ಯುಗದ ಜರ್ಮನ್ ಸಂಗೀತಗಾರ ಯೊಹಾನ್ ಸೆಬಾಸ್ಟಿಯನ್ ಬಾಖ್ ಒಂಟಿ ಚೆಲ್ಲೊಗಾಗಿ ಬರೆದ ಆರು ‘ಸ್ವೀಟ್’ಗಳನ್ನು, ಅಂದರೆ ಆರು ನೃತ್ಯಮಾಲಿಕೆಗಳನ್ನು.

ಆ ತಟ್ಟೆಗಳ ಧ್ವನಿ ಇಂದು ಹಾನಗಲ್ಲಿನಲ್ಲಿಯೂ ಹಿರೇಕೆರೂರಿನಲ್ಲಿಯೂ ಕಿಸೆಯ ಮೊಬೈಲಿನಲ್ಲೇ ಸಿಗುತ್ತದೆ. ಪಾಶ್ಚಾತ್ಯ ಸಂಗೀತ ನಮ್ಮದಲ್ಲ, ಅದರ ವ್ಯಾಕರಣ ಗೊತ್ತಿಲ್ಲ ಎಂದು ಹಿಂಜರಿಯುವವರು ಬಹಳ. ಆದರೆ ಈ ಸಂಗೀತಕ್ಕೆ ಬೇಕಾದ ಕಿವಿ ಈ ಸೀಮೆಯಲ್ಲಿ ಎಂದೋ ತಯಾರಾಗಿದೆ. ಹಾನಗಲ್ ತಾಲ್ಲೂಕಿನ ಕಾಡಶೆಟ್ಟಿಹಳ್ಳಿಯಲ್ಲಿ 1892ರಲ್ಲಿ ಪಂಚಾಕ್ಷರಿ ಗವಾಯಿಗಳು ಹುಟ್ಟಿದರು, ದೇವಗಿರಿಯಲ್ಲಿ 1914ರಲ್ಲಿ ಪುಟ್ಟರಾಜ ಗವಾಯಿಗಳು. ಇಬ್ಬರಿಗೂ ಕಣ್ಣಿರಲಿಲ್ಲ, ಸಂಗೀತವೆಂದರೆ ಅವರಿಗೆ ಕಿವಿಯೊಳಗಿನ ಸಂಪತ್ತು. ಶಿಗ್ಗಾಂವಿಯ ನೆರೆಯಲ್ಲೇ ಗಾಯಕ ಸವಾಯಿ ಗಂಧರ್ವರ ಕುಂದಗೋಳ. ಗಂಗೂಬಾಯಿ ಪಾಠಕ್ಕಾಗಿ ಹುಬ್ಬಳ್ಳಿಯಿಂದ ರೈಲು ಹತ್ತಿ ಬರುತ್ತಿದ್ದದ್ದು ಅಲ್ಲಿಗೇ. ಒಂದೇ ಸ್ವರದ ಮೇಲೆ ನಿಂತು, ಅದನ್ನು ಹಿಗ್ಗಿಸಿ, ತೂಗಿ, ಬಿಡುವುದನ್ನು ಕೇಳುತ್ತ ಬೆಳೆದ ಪ್ರದೇಶ ಇದು.

ಬಾಖ್ ಈ ಮಾಲಿಕೆಗಳನ್ನು ರಚಿಸಿದ್ದು 1720ರ ಆಸುಪಾಸಿನಲ್ಲಿ, ಕೋಥೆನ್ ಎಂಬ ಸಣ್ಣ ಸಂಸ್ಥಾನದ ಆಸ್ಥಾನದಲ್ಲಿದ್ದಾಗ. ಅವರ ಕೈಬರಹದ ಪ್ರತಿ ಉಳಿದಿಲ್ಲ. ಹೆಂಡತಿ ಅನ್ನಾ ಮಗ್ದಲೇನಾ ಮಾಡಿಕೊಂಡ ನಕಲು ಇದೆ, ಕೆಲ್ನರ್ ಎಂಬ ಆರ್ಗನ್ ವಾದಕನ ನಕಲು ಇದೆ. ಯಾವ ಸ್ವರಗಳನ್ನು ಒಂದೇ ಕಮಾನಿನಲ್ಲಿ ಎಳೆಯಬೇಕು, ಎಲ್ಲಿ ಕಮಾನು ತಿರುಗಿಸಬೇಕು ಎಂಬಲ್ಲಿ ಒಂದು ಪ್ರತಿ ಇನ್ನೊಂದಕ್ಕೆ ಹೊಂದುವುದಿಲ್ಲ. ಹೀಗಾಗಿ ಪ್ರತಿ ವಾದಕನೂ ತನ್ನ ದಾರಿ ತಾನೇ ಹುಡುಕಬೇಕು. ಶಿಗ್ಗಾಂವಿ ತಾಲ್ಲೂಕಿನ ಶಿಶುನಾಳದವರಿಗೆ ಇದು ಹೊಸ ಮಾತಲ್ಲ. ಆ ಊರಿನ ಸಂತಕವಿ ಷರೀಫರ ತತ್ವಪದಗಳೂ ಬಾಯಿಂದ ಬಾಯಿಗೆ ಬಂದಂಥವು. ಏಕತಾರಿ ಹಿಡಿದ ಭಜನಾ ಮೇಳದವರು ಹಾಡಿದರೆ ಒಂದು ಬಗೆ, ಗಾಯಕ ಸಿ. ಅಶ್ವತ್ಥ್ ಹಾಡಿದರೆ ಇನ್ನೊಂದು ಬಗೆ. ಪದ ಅದೇ, ಅದರೊಳಗಿನ ಮನುಷ್ಯ ಬೇರೆ. ಬಾಖ್‌ನಲ್ಲಿ ಸ್ವರಗಳು ಬಹುಮಟ್ಟಿಗೆ ಬರೆದಿಟ್ಟಂತೆಯೇ ಇರುತ್ತವೆ, ನಮ್ಮ ಗಾಯಕರಿಗಿರುವಷ್ಟು ಮೈದಾನ ಅಲ್ಲಿಲ್ಲ. ಆ ಇಕ್ಕಟ್ಟಿನಲ್ಲೇ ಒಬ್ಬೊಬ್ಬರು ಎಷ್ಟು ಬೇರೆಯಾಗುತ್ತಾರೆ ಎಂಬುದೇ ಒಂದು ಕೃತಿಯ ಹಲವು ಧ್ವನಿಮುದ್ರಿಕೆಗಳನ್ನು ಕೇಳುವ ಸುಖ.

ಮೊದಲ ಮಾಲಿಕೆಯ ಆರಂಭವನ್ನೇ ಹತ್ತಿರದಿಂದ ಕೇಳಬಹುದು. ಚೆಲ್ಲೊದ ನಾಲ್ಕು ತಂತಿಗಳಲ್ಲಿ ಪ್ರತಿಯೊಂದೂ ತನ್ನ ಕೆಳಗಿನ ತಂತಿಯ ಪಂಚಮಕ್ಕೆ ಶ್ರುತಿಗೊಂಡಿರುತ್ತದೆ. ಪ್ರೆಲ್ಯೂಡ್ ಎಂಬ ಈ ಪೀಠಿಕಾ ಭಾಗದ ಮೊದಲ ಎರಡು ಸ್ವರಗಳು ಬೆರಳಿಡದ ಬಿಡಿ ತಂತಿಗಳು: ಷಡ್ಜ, ಪಂಚಮ. ಮೇಲಿನ ಸಪ್ತಕದಲ್ಲಿ ಗ ರಿ ಗ, ಮತ್ತೆ ಇಳಿದು ಪಂಚಮ. ತಂಬೂರಿ ಇಲ್ಲ, ಪಕ್ಕವಾದ್ಯ ಇಲ್ಲ; ಆದರೆ ಮೊದಲ ಸುತ್ತುಗಳೆಲ್ಲ ಆ ಕೆಳಗಿನ ಷಡ್ಜಕ್ಕೆ ಮರಳುವುದರಿಂದ ತಂಬೂರಿಯೊಂದು ಒಳಗೇ ಮಿಡಿಯುತ್ತಿದೆ ಅನಿಸುತ್ತದೆ. ಬಿಲಾವಲ್ ಇರಬೇಕು ಎಂದುಕೊಳ್ಳುವಷ್ಟರಲ್ಲಿ ತೀವ್ರ ಮಧ್ಯಮ ಇಣುಕುತ್ತದೆ, ಕಿವಿ ನೆಟ್ಟಗಾಗುತ್ತದೆ. ರಾಗ ಕೆಡಲಿಲ್ಲ, ಷಡ್ಜವೇ ಜಾಗ ಬದಲಿಸುತ್ತಿದೆ. ಹಿಂದೂಸ್ತಾನಿ ಕೇಳಿ ಬೆಳೆದವರು ಇಲ್ಲಿ ಮೊದಲ ಸಲ ಎಡವುವುದು ಸಹಜ. ಕೊನೆಯಲ್ಲಿ ಪಂಚಮವನ್ನು ಬಿಡದೆ ಬಾರಿಸುತ್ತಲೇ ಇನ್ನೊಂದು ಸ್ವರಸಾಲು ಅರ್ಧರ್ಧ ಮೆಟ್ಟಿಲು ಏರಿ ತಾರ ಷಡ್ಜ ಮುಟ್ಟಿದಾಗ, ಮನೆಗೆ ಬಂದೆವೆಂಬ ಸಮಾಧಾನ ಯಾರಿಗೂ ವಿವರಿಸಬೇಕಿಲ್ಲ.

ಈ ಮಾಲಿಕೆಗಳನ್ನು ಬಹುಕಾಲ ಕೈ ಸಾಧನೆಯ ಪಾಠವೆಂದೇ ನೋಡಲಾಗುತ್ತಿತ್ತು. 1890ರಲ್ಲಿ ಹದಿಮೂರರ ಹುಡುಗ ಕಸಾಲ್ಸ್‌ಗೆ ಬಾರ್ಸಿಲೋನಾದ ಹಳೆಯ ಅಂಗಡಿಯೊಂದರಲ್ಲಿ ಅವುಗಳ ಅಚ್ಚುಪ್ರತಿ ಸಿಕ್ಕಿತು. ಹನ್ನೆರಡು ವರ್ಷ ಮನೆಯೊಳಗೇ ತಿದ್ದಿ ತೀಡಿದ ಮೇಲಷ್ಟೇ ಅವರು ಒಂದು ಪೂರ್ತಿ ಮಾಲಿಕೆಯನ್ನು ಸಭೆಯ ಮುಂದಿಟ್ಟರು. ಗದುಗಿನ ಹುಡುಗ ಭೀಮಸೇನ ಜೋಶಿ ಅಬ್ದುಲ್ ಕರೀಂ ಖಾನರ ಝಿಂಝೋಟಿಯ ತಟ್ಟೆ ಕೇಳಿ 1933ರಲ್ಲಿ ಮನೆ ಬಿಟ್ಟು ಗುರುವನ್ನು ಹುಡುಕಿ ಹೊರಟದ್ದು ನೆನಪಾಗದೆ ಇರದು.

ಕಸಾಲ್ಸ್ ಮುದ್ರಿಕೆಯಲ್ಲಿ ಸೂಜಿಯ ಕರಕರ ಇದೆ. ಕಮಾನು ತಂತಿಯನ್ನು ಕಚ್ಚುವ ಸದ್ದೂ ಇದೆ. ಲಯವನ್ನು ಅವರು ಹಿಡಿದು ಎಳೆಯುತ್ತಾರೆ, ಬೇಕೆನಿಸಿದ ಸ್ವರಕ್ಕೆ ಭಾರ ಹಾಕುತ್ತಾರೆ. 1960ರ ಮುದ್ರಿಕೆಯ ಪಿಯೆರ್ ಫೂರ್ನಿಯೆ ನಯಗಾರ. ಹಂಗೆರಿಯ ಯಾನೋಶ್ ಸ್ಟಾರ್ಕರ್ ಒಂದು ಸ್ವರವನ್ನೂ ಅತಿಯಾಗಿಸದ ಖಚಿತಗಾರ.

ಹೊಸಬರಿಗೆ ಕೈಗೆ ಕೊಡಬೇಕಾದ ಮುದ್ರಿಕೆ ಮಾತ್ರ ಡಚ್ ವಾದಕ ಆನರ್ ಬೈಲ್ಸ್ಮಾ ಅವರ 1979ರದು. ಅವರು ಬಳಸಿದ್ದು ಬರೋಕ್ ರೀತಿಯ ಚೆಲ್ಲೊ. ಅದಕ್ಕೆ ಉಕ್ಕಿನ ತಂತಿಯ ಬದಲು ಪ್ರಾಣಿಯ ಕರುಳಿನ ತಂತಿ, ನೆಲಕ್ಕೆ ಊರುವ ಕಡ್ಡಿ ಇಲ್ಲ, ಮೀನಖಂಡಗಳ ನಡುವೆ ಹಿಡಿದೇ ನುಡಿಸಬೇಕು. ಕಮಾನು ಹಗುರ, ಶ್ರುತಿ ಕೆಳಗೆ. ಅದರಲ್ಲಿ ನಾದ ಉದ್ದಕ್ಕೆ ಹರಿಯುವುದಿಲ್ಲ, ಮಾತಿನಂತೆ ತುಂಡುತುಂಡಾಗಿ ಬರುತ್ತದೆ. ಒಂದು ಪದ, ಒಂದು ಉಸಿರು, ಮತ್ತೊಂದು ಪದ. ಅಲ್ಲಮಾಂಡ್, ಕೂರಾಂಟ್, ಸರಬಾಂಡ್, ಜೀಗ್ ಎಂಬ ಭಾಗಗಳೆಲ್ಲ ಒಂದು ಕಾಲದ ಕುಣಿತಗಳೆಂಬುದು ಈ ಮುದ್ರಿಕೆಯಲ್ಲಿ ತಾನಾಗಿ ತಿಳಿಯುತ್ತದೆ. ಹೆಜ್ಜೆಮೇಳ ನೋಡಿದವರ ಕಾಲು ಜೀಗ್ ಬರುವಾಗ ಸುಮ್ಮನಿರುವುದಿಲ್ಲ.

ಐದನೆಯ ಮಾಲಿಕೆಯ ಸರಬಾಂಡ್‌ಗೆ ಬೇರೆಯೇ ಸಮಯ ಬೇಕು, ಸಾಧ್ಯವಾದರೆ ರಾತ್ರಿ. ಇಲ್ಲಿ ಎರಡು ತಂತಿ ಒಟ್ಟಿಗೆ ನುಡಿಯುವುದೇ ಇಲ್ಲ. ಒಂದೇ ಎಳೆ ನಿಧಾನಕ್ಕೆ ಇಳಿಯುತ್ತದೆ, ಏರುತ್ತದೆ, ತಡೆಯುತ್ತದೆ. ಈ ಮಾಲಿಕೆಗಾಗಿ ಬಾಖ್ ಮೇಲಿನ ತಂತಿಯನ್ನೇ ಒಂದು ಸ್ವರ ಕೆಳಗಿಳಿಸಲು ಬರೆದಿದ್ದರಿಂದ ಇಡೀ ವಾದ್ಯದ ಬಣ್ಣ ಮಬ್ಬಾಗುತ್ತದೆ. ಮಂದ್ರದ ಆಲಾಪ ಕೇಳಿದ ಕಿವಿಗೆ ಈ ಕೆಲವು ನಿಮಿಷ ಅಪರಿಚಿತವಾಗಿ ಕೇಳಿಸಲಾರದು. ಒಂದು ಎಚ್ಚರ: ಚೆಲ್ಲೊದ ಕೆಳಗಿನ ತಂತಿಯ ಕಂಪನ ಸೆಕೆಂಡಿಗೆ ಸುಮಾರು 65. ಮೊಬೈಲಿನ ಪುಟ್ಟ ಸ್ಪೀಕರ್ ಅದನ್ನು ಸರಿಯಾಗಿ ಮುಟ್ಟಿಸಲಾರದು. ಇಯರ್‌ಫೋನ್ ಹಾಕಿಕೊಂಡರೆ ಖರ್ಜದ ಆ ಗುಂಗಿನ ಜೊತೆಗೆ ವಾದಕನ ಉಸಿರು, ತಂತಿಗೆ ಬೆರಳು ತಗಲುವ ಸದ್ದೂ ಕೇಳುತ್ತವೆ.

ಆರು ಮಾಲಿಕೆಗಳಲ್ಲಿ ಒಟ್ಟು 36 ಭಾಗಗಳು, ಎರಡು ಗಂಟೆಗೂ ಮೀರಿದ ಸಂಗೀತ. ಎಲ್ಲವನ್ನೂ ಒಂದೇ ಕೂರಿಕೆಯಲ್ಲಿ ಮುಗಿಸುವ ಹಟ ಬೇಡ. ವಾರಕ್ಕೊಂದು ಮಾಲಿಕೆ, ಇಬ್ಬರು ವಾದಕರಿಂದ ಕೇಳಿದರೆ ಸಾಕು. ಒಬ್ಬರನ್ನೇ ಎರಡು ಕಾಲದಲ್ಲಿ ಕೇಳುವುದು ಇನ್ನೂ ಚೆಂದ. ಬೈಲ್ಸ್ಮಾ 1992ರಲ್ಲಿ ಮತ್ತೆ ಇವನ್ನೇ ನುಡಿಸಿದರು, ಈ ಸಲ ಅಮೆರಿಕದ ಸ್ಮಿತ್ಸೋನಿಯನ್ ಸಂಸ್ಥೆಯಲ್ಲಿರುವ, 1701ರಲ್ಲಿ ಸ್ಟ್ರಾಡಿವೇರಿಯಸ್ ಮಾಡಿದ ದೊಡ್ಡ ಗಾತ್ರದ ಚೆಲ್ಲೊದಲ್ಲಿ. ಹಳೆಯದರ ಚುರುಕು ಕಡಿಮೆಯಾಗಿ, ನಾದ ಅಗಲವಾಗಿ, ಗಂಭೀರವಾಗಿ ಬರುತ್ತದೆ. ಕಾಲ ಕಳೆದಂತೆ ನಾದ ಹೀಗೆ ಬದಲಾಗುವುದನ್ನು ಹಾನಗಲ್ಲಿನವರು ತಮ್ಮ ಊರಿನ ಹೆಸರು ಹೊತ್ತ ಗಾಯಕಿಯಲ್ಲೇ ಕೇಳಿದ್ದಾರೆ. ‘ಗಾಂಧಾರಿ’ಯ ತಟ್ಟೆಗಳಲ್ಲಿರುವುದು ತೆಳುವಾದ, ಮೇಲಕ್ಕೆ ಹಾರುವ ದನಿ. ಮುಂದೆ ಅವರ ಗಂಟಲಿಗೆ ಚಿಕಿತ್ಸೆಯಾಯಿತು; ಆ ನಂತರದ ಗಂಗೂಬಾಯಿಯದು ನೆಲದೊಳಗಿಂದ ಎದ್ದು ಬಂದಂಥ ದನಿ, ಚೆಲ್ಲೊದ ದಪ್ಪ ತಂತಿಯ ಪಕ್ಕದಲ್ಲೇ ಕೂರಬಲ್ಲ ದನಿ.