ಕ್ಸೆನಾನ್ ದೀಪವೂ ಎದುರಿನವರ ಕಣ್ಣೂ

ಪೆರಂಬೂರಿನಲ್ಲಿ ನೆಲಸಿದ ಕನ್ನಡ ಕುಟುಂಬಗಳಿಗೆ ಊರಿಗೆ ಹೋಗುವುದೆಂದರೆ ಬಹುಕಾಲ ರೈಲೇ ಗತಿಯಾಗಿತ್ತು. ರೈಲ್ವೆ ಕಾರ್ಖಾನೆಗಳ ಊರಿನಲ್ಲಿ ಅನ್ನ ತಿನ್ನುತ್ತ ಬೇರೆ ವಾಹನದ ಮಾತೆತ್ತುವುದು ಕೃತಘ್ನತೆಯೆಂದು ಹಿರಿಯರು ಇಂದಿಗೂ ಹಾಸ್ಯ ಮಾಡುವುದುಂಟು. ಆದರೆ ಕಾಲ ಬದಲಾಗಿದೆ. ನಮ್ಮವರಲ್ಲಿ ಅನೇಕರ ಮನೆಯ ಮುಂದೆ ಈಗ ಒಂದು ಚಿಕ್ಕ ಕಾರು ನಿಂತಿರುತ್ತದೆ. ಹೊಸದಲ್ಲದಿದ್ದರೆ ಯಾರೋ ಏಳೆಂಟು ವರ್ಷ ಓಡಿಸಿ ಮಾರಿದ್ದು. ಶುಕ್ರವಾರ ಸಂಜೆ ಕಛೇರಿ ಮುಗಿಸಿ, ಮಕ್ಕಳಿಗೆ ಊಟ ಮಾಡಿಸಿ, ಎಂಟು ಗಂಟೆಗೆ ಹೊರಟರೆ ಪೂನಮಲ್ಲಿ, ಶ್ರೀಪೆರುಂಬುದೂರು, ರಾಣಿಪೇಟೆ, ವೇಲೂರು, ಆಂಬೂರು, ಕೃಷ್ಣಗಿರಿ, ಹೊಸೂರು ದಾಟಿ ಸುಮಾರು 350 ಕಿಲೋಮೀಟರು ಸಾಗಿ, ಕೋಳಿ ಕೂಗುವ ಮೊದಲೇ ಬೆಂಗಳೂರು ಸೇರಬಹುದು. ರಜೆಯ ಅರ್ಧ ದಿನ ಉಳಿಯುತ್ತದೆ. ಗುಮಾಸ್ತರಿಗೆ ಅರ್ಧ ದಿನದ ರಜೆ ಎಷ್ಟು ದೊಡ್ಡದೆಂಬುದನ್ನು ವಿವರಿಸಬೇಕಾಗಿಲ್ಲ.

ರಾತ್ರಿ ಪ್ರಯಾಣವೆಂದ ಮೇಲೆ ದೀಪದ ಮಾತು ಬಂದೇ ಬರುತ್ತದೆ. ಹಳೆಯ ಕಾರಿನ ದೀಪ ಹಳದಿಗಟ್ಟಿ, ಮಂಕಾಗಿ, ಮುಂದೆ ಬಿದ್ದಿರುವುದು ಕಲ್ಲೋ ದನವೋ ತಿಳಿಯದಂತಿದ್ದರೆ ಹೆಂಡತಿ ಮಕ್ಕಳನ್ನು ಕೂರಿಸಿಕೊಂಡವನ ಎದೆ ನಡುಗುವುದು ಸಹಜ. ಇದಕ್ಕೆ ಮದ್ದೆಂದು ಈಚಿನ ವರ್ಷಗಳಲ್ಲಿ ಎಲ್ಲರ ಬಾಯಲ್ಲೂ ಕೇಳಿಬರುವ ಹೆಸರು ಕ್ಸೆನಾನ್. ಅಂಗಡಿಯವರ ಬಾಯಲ್ಲಿ ಅದು ‘ಝೀನಾನ್’. ಮೌಂಟ್ ರೋಡಿನ ಪಕ್ಕದ ಜನರಲ್ ಪ್ಯಾಟರ್ಸ್ ರಸ್ತೆಯಲ್ಲಿ ಕಾರಿನ ಅಲಂಕಾರ ಸಾಮಗ್ರಿಯ ಅಂಗಡಿಗಳು ಸಾಲಾಗಿವೆ. ಹಳೆಯ ಬಿಡಿಭಾಗಗಳಿಗೆ ಪುದುಪ್ಪೇಟೆ ಪ್ರಸಿದ್ಧ. ನಾವು ಎರಡೂ ಕಡೆ ಒಂದು ಶನಿವಾರ ಪೂರ್ತಿ ಅಲೆದೆವು. ವಿಚಾರಿಸಿದಲ್ಲೆಲ್ಲ ಒಂದೇ ಭರವಸೆ: “ಹಾಕಿಸಿ ಸಾರ್, ರಾತ್ರಿ ಹಗಲಾಗುತ್ತದೆ.” ಯಾರ ಪಾಲಿಗೆ ಹಗಲು, ಯಾರ ಪಾಲಿಗೆ ಕತ್ತಲೆ ಎಂಬುದನ್ನು ಮಾತ್ರ ಯಾರೂ ಹೇಳಲಿಲ್ಲ.

ಮೊದಲಿಗೆ ತಿಳಿದುಬಂದ ಸಂಗತಿಯೆಂದರೆ, ಈ ಹೆಸರಿನಲ್ಲಿ ಮಾರುವುದೆಲ್ಲ ಒಂದೇ ವಸ್ತುವಲ್ಲ. ಕೆಲವು ಬರಿಯ ಹ್ಯಾಲೊಜೆನ್ ಬಲ್ಬುಗಳು. ಒಳಗೆ ತುಂಬಿದ ಅನಿಲದಲ್ಲಿ ಅಷ್ಟಿಷ್ಟು ಕ್ಸೆನಾನ್ ಇರುತ್ತದೆ, ಗಾಜಿನ ಮೇಲೆ ನೀಲಿ ಲೇಪವಿರುತ್ತದೆ. ನೀಲಿ ಲೇಪವು ಹಳದಿ ಬೆಳಕನ್ನು ತಡೆದು ಬಿಳಿಯ ಛಾಯೆ ಕೊಡುತ್ತದೆಯೇ ಹೊರತು ಬೆಳಕನ್ನು ಹೆಚ್ಚಿಸುವುದಿಲ್ಲ, ತಡೆದಷ್ಟೂ ನಷ್ಟವೇ. ಇದಕ್ಕೆ ದುಪ್ಪಟ್ಟು ಬೆಲೆ ತೆರುವುದು ಹಾಲಿಗೆ ನೀರು ಬೆರೆಸಿದ್ದಕ್ಕೆ ಕೂಲಿ ಕೊಟ್ಟಂತೆ. ನಿಜವಾದ ಕ್ಸೆನಾನ್ ಬೇರೆ. ಅದರೊಂದಿಗೆ ಬೆಂಕಿಪೊಟ್ಟಣಕ್ಕಿಂತ ದೊಡ್ಡದಾದ ಒಂದು ಲೋಹದ ಪೆಟ್ಟಿಗೆ, ದಪ್ಪ ತಂತಿಗಳು ಬರುತ್ತವೆ. ಆ ಪೆಟ್ಟಿಗೆಗೆ ಬ್ಯಾಲಸ್ಟ್ ಎಂದು ಹೆಸರು.

ಕ್ಸೆನಾನಿಗೂ ನಮ್ಮ ನಾಡಿಗೂ ಒಂದು ನಂಟಿರುವುದು ಬಹಳ ಮಂದಿಗೆ ತಿಳಿದಿರಲಾರದು. 1898ರಲ್ಲಿ ಲಂಡನ್ನಿನಲ್ಲಿ ವಿಲಿಯಂ ರ್‍ಯಾಮ್ಸೆ ಮತ್ತು ಮಾರಿಸ್ ಟ್ರಾವರ್ಸ್ ಎಂಬ ಇಬ್ಬರು ರಸಾಯನ ವಿಜ್ಞಾನಿಗಳು ಈ ಅನಿಲವನ್ನು ಕಂಡುಹಿಡಿದರು. ಗಾಳಿಯಲ್ಲಿ ಇದರ ಪ್ರಮಾಣ ಕೋಟಿಗೆ ಒಂದು ಭಾಗವೂ ಇಲ್ಲ. ಯಾವುದರೊಂದಿಗೂ ಸುಲಭವಾಗಿ ಬೆರೆಯದ ಇದಕ್ಕೆ ಗ್ರೀಕ್ ಭಾಷೆಯಲ್ಲಿ ‘ಪರಕೀಯ’ ಎಂದು ಹೆಸರಿಟ್ಟರು. ಆ ಟ್ರಾವರ್ಸ್ ಮಹಾಶಯರೇ 1906ರಲ್ಲಿ ಭಾರತಕ್ಕೆ ಬಂದು, ಬೆಂಗಳೂರಿನವರು ಟಾಟಾ ಇನ್‌ಸ್ಟಿಟ್ಯೂಟ್ ಎಂದು ಕರೆಯುವ ಭಾರತೀಯ ವಿಜ್ಞಾನ ಸಂಸ್ಥೆಯ ಮೊದಲ ನಿರ್ದೇಶಕರಾಗಿ 1914ರವರೆಗೆ ಇದ್ದರು. ಪರಕೀಯನೆಂಬ ಹೆಸರಿನ ಅನಿಲವನ್ನು ಕಂಡವರು ಪರಸ್ಥಳದಲ್ಲಿ ಬಂದು ನೆಲಸಿದರು! ಪರಸ್ಥಳದಲ್ಲೇ ಬಾಳುತ್ತಿರುವ ನಮ್ಮ ಓದುಗರಿಗೆ ಇದು ರುಚಿಸೀತೆಂದು ಇಲ್ಲಿ ಬರೆದೆವು. ಇರಲಿ, ದೀಪಕ್ಕೆ ಬರೋಣ.

ಸಾಧಾರಣ ಹ್ಯಾಲೊಜೆನ್ ಬಲ್ಬಿನಲ್ಲಿ ಟಂಗ್‌ಸ್ಟನ್ ತಂತಿಯೊಂದು ಕಾದು ಬೆಳಗುತ್ತದೆ. ಕ್ಸೆನಾನ್ ಬಲ್ಬಿನಲ್ಲಿ ತಂತಿಯೇ ಇಲ್ಲ. ಎರಡು ಮೊನೆಗಳ ನಡುವೆ ಸುಮಾರು 4 ಮಿಲಿಮೀಟರು ಅಂತರದಲ್ಲಿ, ಸಣ್ಣ ಮಿಂಚಿನಂತೆ ವಿದ್ಯುತ್ತು ಹಾಯುತ್ತದೆ. ಆ ಮಿಂಚನ್ನು ಹೊತ್ತಿಸಲು 20,000 ವೋಲ್ಟಿಗೂ ಮೀರಿದ ಒತ್ತಡ ಬೇಕು; ಅದನ್ನು ಒದಗಿಸುವುದೇ ಆ ಪೆಟ್ಟಿಗೆಯ ಕೆಲಸ. ಒಮ್ಮೆ ಹೊತ್ತಿದ ಮೇಲೆ 35 ವ್ಯಾಟ್ ಸಾಕು. ಹ್ಯಾಲೊಜೆನ್ ತಗ್ಗುದೀಪ 55 ವ್ಯಾಟ್ ನುಂಗಿ ಸುಮಾರು 1000 ಲ್ಯೂಮೆನ್ ಬೆಳಕು ಕೊಟ್ಟರೆ, ಕ್ಸೆನಾನ್ 35 ವ್ಯಾಟಿನಲ್ಲಿ ಸುಮಾರು 3200 ಲ್ಯೂಮೆನ್ ಕೊಡುತ್ತದೆ, ಬಾಳಿಕೆಯೂ ಹೆಚ್ಚು. ಜರ್ಮನಿಯ ಬಿ.ಎಂ.ಡಬ್ಲ್ಯು. ಕಂಪೆನಿಯವರು 1991ರಲ್ಲಿ ತಮ್ಮ ದೊಡ್ಡ ಕಾರಿನಲ್ಲಿ ಇದನ್ನು ಮೊದಲು ಅಳವಡಿಸಿದರು. ಇಷ್ಟನ್ನು ಕೇಳಿದರೆ ಯಾರಿಗಾದರೂ ಆಸೆಯಾಗುವುದೇ. ಅಂಕಿಗಳಲ್ಲಿ ಸುಳ್ಳೇನೂ ಇಲ್ಲ.

ತೊಡಕಿರುವುದು ಬೇರೆಡೆ. ಕಾರಿನ ಮುಂದೀಪವೆಂದರೆ ಬಲ್ಬು ಮಾತ್ರವಲ್ಲ. ಬಲ್ಬಿನ ಹಿಂದಿನ ಕನ್ನಡಿ, ಮುಂದಿನ ಗಾಜು, ಬಲ್ಬಿನೊಳಗೆ ತಂತಿ ಇರುವ ಸ್ಥಾನ, ಇವು ಮೂರೂ ಸೇರಿಯೇ ದೀಪ. ನಮ್ಮ ಚಿಕ್ಕ ಕಾರುಗಳಲ್ಲಿ ಹೆಚ್ಚಾಗಿರುವುದು 1971ರಿಂದ ಬಳಕೆಗೆ ಬಂದ ಎಚ್-4 ಎಂಬ ಜಾತಿಯ ಬಲ್ಬು. ಅದರೊಳಗೆ ಎರಡು ತಂತಿಗಳು: ಒಂದು ದೂರದ ಬೆಳಕಿಗೆ, ಒಂದು ತಗ್ಗಿನ ಬೆಳಕಿಗೆ. ತಗ್ಗಿನ ತಂತಿಯ ಕೆಳಗೆ ಲೋಹದ ಒಂದು ಪುಟ್ಟ ಬೊಗಸೆಯಿದೆ. ಅದು ಕೆಳಮುಖವಾಗಿ ಹೋಗುವ ಬೆಳಕನ್ನು ಮುಚ್ಚಿಬಿಡುತ್ತದೆ. ಉಳಿದ ಬೆಳಕು ಕನ್ನಡಿಯ ಮೇಲಿನ ಅರ್ಧಕ್ಕೆ ಮಾತ್ರ ತಾಗಿ, ಅಲ್ಲಿಂದ ರಸ್ತೆಯ ಕಡೆಗೆ ತಗ್ಗಿ ಬೀಳುತ್ತದೆ. ಎದುರು ಬರುವವನ ಕಣ್ಣನ್ನು ಕಾಯುವುದು ಉಗುರಿನಷ್ಟಿರುವ ಆ ಬೊಗಸೆಯೇ. ತಂತಿ ಒಂದು ಮಿಲಿಮೀಟರು ಆಚೀಚೆಯಾದರೂ ರಸ್ತೆಯ ಮೇಲೆ ಬೆಳಕಿನ ಆಕಾರ ಕೆಡುತ್ತದೆ. ಇಂಥ ಕಡೆ ತಂತಿಯ ಬದಲು ಮಿಂಚನ್ನು ಕೂರಿಸಿದರೆ ಕನ್ನಡಿಗೆ ಅದು ಪರಿಚಯವಿಲ್ಲದ ಬೆಳಕು. ಮಿಂಚು ಮೇಲಕ್ಕೆ ಬಾಗಿರುತ್ತದೆ, ಎರಡು ತುದಿಗಳಲ್ಲಿ ಹೆಚ್ಚು ಪ್ರಖರವಾಗಿರುತ್ತದೆ, ಸುತ್ತಲಿನ ಗಾಜೂ ಬೆಳಗುತ್ತದೆ. ಕನ್ನಡಿ ತನಗೆ ಬಂದದ್ದನ್ನು ಬಂದಂತೆ ಎಲ್ಲೆಂದರಲ್ಲಿ ಎರಚುತ್ತದೆ.

ಕ್ಸೆನಾನನ್ನು ಕಾರ್ಖಾನೆಯಲ್ಲೇ ಜೋಡಿಸಿದ ಕಾರುಗಳಲ್ಲಿ ಅದಕ್ಕೆ ತಕ್ಕ ಬೇರೆ ಕನ್ನಡಿಯೋ ಮಸೂರವೋ ಇರುತ್ತದೆ. ಯುರೋಪಿನ ನಿಯಮಗಳ ಪ್ರಕಾರ 2000 ಲ್ಯೂಮೆನ್ ಮೀರಿದ ಇಂಥ ದೀಪಗಳಿಗೆ, ಕಾರಿನ ಹಿಂಭಾಗಕ್ಕೆ ಭಾರ ಬಿದ್ದು ಮೂತಿ ಎತ್ತಿದಾಗ ಬೆಳಕನ್ನು ತಾನಾಗಿ ತಗ್ಗಿಸುವ ಯಂತ್ರವೂ, ಗಾಜು ತೊಳೆಯುವ ನೀರಿನ ಚಿಲುಮೆಯೂ ಇರಲೇಬೇಕೆಂದು ವಿಧಿಸಿದರು. ಪುದುಪ್ಪೇಟೆಯ ಪೊಟ್ಟಣದಲ್ಲಿ ಇವು ಯಾವುವೂ ಬರುವುದಿಲ್ಲ. ನಿಮ್ಮ ದೀಪ ಯಾವುದಕ್ಕೆ ತಯಾರಾದದ್ದೆಂದು ತಿಳಿಯಲು ಒಂದು ಸುಲಭೋಪಾಯವುಂಟು: ಅನೇಕ ದೀಪಗಳ ಗಾಜಿನ ಅಂಚಿನಲ್ಲಿ ಸಣ್ಣ ಅಕ್ಷರಗಳನ್ನು ಅಚ್ಚೊತ್ತಿರುತ್ತಾರೆ. ‘ಎಚ್.ಸಿ.ಆರ್.’ ಎಂದಿದ್ದರೆ ಹ್ಯಾಲೊಜೆನ್ನಿಗೆ, ‘ಡಿ.ಸಿ.ಆರ್.’ ಎಂದಿದ್ದರೆ ಕ್ಸೆನಾನಿಗೆ.

ನಮ್ಮ ನೆರೆಮನೆಯ ಮಿತ್ರರೊಬ್ಬರು ಕ್ಸೆನಾನ್ ಹಾಕಿಸಿ ಬಂದಿದ್ದರು. ಅವರ ಅನುಮತಿ ಪಡೆದು ಒಂದು ರಾತ್ರಿ ಬೀದಿಯ ಕೊನೆಯ ಉದ್ದನೆಯ ಗೋಡೆಯ ಮುಂದೆ ಪರೀಕ್ಷೆ ನಡೆಸಿದೆವು. ಸಮನೆಲದಲ್ಲಿ, ಗೋಡೆಯಿಂದ 10 ಮೀಟರು ದೂರದಲ್ಲಿ ಎರಡು ಕಾರುಗಳನ್ನೂ ಸರದಿಯಂತೆ ನಿಲ್ಲಿಸಿ, ದೀಪದ ನಡುಮಧ್ಯದ ಎತ್ತರಕ್ಕೆ ಸುಣ್ಣದ ಕಡ್ಡಿಯಿಂದ ಒಂದು ಗೆರೆ, ಅದಕ್ಕಿಂತ 10 ಸೆಂಟಿಮೀಟರು ಕೆಳಗೆ ಇನ್ನೊಂದು ಗೆರೆ ಎಳೆದೆವು. ತಗ್ಗುದೀಪದ ಬೆಳಕು ಮೀಟರಿಗೆ ಒಂದು ಸೆಂಟಿಮೀಟರಿನಂತೆ ಇಳಿಯುತ್ತ ಹೋಗಬೇಕೆಂಬುದು ಸಾಮಾನ್ಯ ಲೆಕ್ಕ. ನಮ್ಮ ಹಳೆಯ ಹ್ಯಾಲೊಜೆನ್ ದೀಪದ ಬೆಳಕು ಮಂಕಾಗಿದ್ದರೂ ಕೆಳಗಿನ ಗೆರೆಯ ಹತ್ತಿರ ಕತ್ತರಿಸಿದಂತೆ ನಿಂತಿತು. ಎಡಗಡೆ ಮಾತ್ರ, ಕಾಲುದಾರಿಯವರು ಕಾಣಲೆಂದು, ಸ್ವಲ್ಪ ಮೇಲಕ್ಕೇರಿತ್ತು. ಮಿತ್ರರ ಕಾರಿನ ದೀಪ ಹೊತ್ತಿಸಿದಾಗ ಗೋಡೆಯೇನೋ ಬೆಳ್ಳಗೆ ಬೆಳಗಿತು, ಮಕ್ಕಳು ಚಪ್ಪಾಳೆ ತಟ್ಟಿದರು. ಆದರೆ ಕತ್ತರಿಸಿದ ಅಂಚು ಎಲ್ಲೂ ಕಾಣಲಿಲ್ಲ. ಎರಡು ಗೆರೆಗಳನ್ನೂ ಮೀರಿ, ನಿಂತ ಮನುಷ್ಯನ ಮುಖದೆತ್ತರಕ್ಕೆ ಬೆಳಕಿನ ಎರಡು ತೇಪೆಗಳು ಹರಡಿದ್ದವು. ಮಿತ್ರರ ತಾಯಿಯವರು ಮನೆಯ ಕಡೆಯಿಂದ ನಡೆದು ಬರುತ್ತಿದ್ದವರು ಸೆರಗಿನಿಂದ ಮುಖ ಮುಚ್ಚಿಕೊಂಡು ನಿಂತೇಬಿಟ್ಟರು. ಮೆಟ್ಟಿಲು ಎಲ್ಲಿದೆಯೆಂದು ಕಾಣದೆ ಯಾರಾದರೂ ಕೈಹಿಡಿಯಿರೆಂದು ಕೂಗಿದರು.

ಅದೇ ಸ್ಥಿತಿ ರಸ್ತೆಯಲ್ಲಿ ಒದಗಿದರೆ? ಗಂಟೆಗೆ 80 ಕಿಲೋಮೀಟರು ವೇಗದ ಕಾರು ಒಂದು ಸೆಕೆಂಡಿಗೆ 22 ಮೀಟರು ಓಡುತ್ತದೆ. ಕಣ್ಣು ಕೋರೈಸಿದವನಿಗೆ ಮರಳಿ ದೃಷ್ಟಿ ಕೂಡಿಬರಲು ಐದು ಸೆಕೆಂಡು ಹಿಡಿಯಿತೆಂದರೆ 110 ಮೀಟರು ಕುರುಡಾಗಿ ಸಾಗಿದಂತಾಯಿತು. ವಯಸ್ಸಾದವರಿಗೆ, ಕಣ್ಣಿನಲ್ಲಿ ಪೊರೆ ಬರುತ್ತಿರುವವರಿಗೆ ಇನ್ನೂ ಹೆಚ್ಚು ಹೊತ್ತು ಬೇಕು. ನಡುವೆ ವಿಭಜಕವಿರುವ ಹೆದ್ದಾರಿಯಲ್ಲಿ ಇದು ಅಷ್ಟಾಗಿ ತೋರದು. ಹೆದ್ದಾರಿ ಬಿಟ್ಟು ನಮ್ಮ ನಮ್ಮ ಹಳ್ಳಿಗಳಿಗೆ ತಿರುಗುವ ಕಿರಿದಾದ ರಸ್ತೆಗಳಲ್ಲಿ, ಎದುರಿಗೆ ಹೆಂಡತಿ ಮಗುವನ್ನು ಕೂರಿಸಿಕೊಂಡು ಸ್ಕೂಟರಿನಲ್ಲಿ ಬರುವವನು ಏನು ಮಾಡಬೇಕು? ಅವನು ಸರಿಯುವುದು ಮಣ್ಣಿಗೆ, ಇಲ್ಲವೇ ಹಳ್ಳಕ್ಕೆ. ದೀಪ ಹಾಕಿಸಿದವನಿಗೂ ಪೂರ್ತಿ ಲಾಭವಿಲ್ಲ. ಕಾರಿನ ಮೂತಿಯ ಮುಂದೆಯೇ ಬೆಳಕು ಚೆಲ್ಲಾಡಿದರೆ ಕಣ್ಣಿನ ಪಾಪೆ ಕಿರಿದಾಗಿ ದೂರದ್ದು ಇನ್ನಷ್ಟು ಕಪ್ಪಾಗಿ ತೋರುತ್ತದೆ. ಮಿತ್ರರು ಆಂಬೂರಿನವರೆಗೆ ಹೋಗಿ ಬಂದರು. ದಾರಿಯುದ್ದಕ್ಕೂ ಲಾರಿಯವರು ದೀಪ ಮಿನುಗಿಸಿ ಬೈದರೆಂದು ಹೇಳಿದರು. ಲಾರಿಯವರದು ದೊಡ್ಡ ದೀಪ, ಅವರು ತಿರುಗಿಸಿ ಕೊಡಬಲ್ಲರು. ಸ್ಕೂಟರಿನವನು ಕೊಡಲಾರ.

ರೈಲ್ವೆ ಮನೆತನದ ಹಿರಿಯರೊಬ್ಬರು ಇದನ್ನು ಕೇಳಿ, ಎಂಜಿನ್ನಿನ ದೀಪ ಇದಕ್ಕಿಂತ ಪ್ರಖರವಲ್ಲವೇ ಎಂದರು. ನಿಜ, ಆದರೆ ಎದುರು ಬರುವ ರೈಲು ಬೇರೆ ಹಳಿಯ ಮೇಲಿರುತ್ತದೆ, ಚುಕ್ಕಾಣಿ ತಿರುಗಿಸುವ ಪ್ರಶ್ನೆಯೇ ಇಲ್ಲ. ಅಷ್ಟಿದ್ದರೂ ಎದುರಿಗೆ ಗಾಡಿ ಬಂದಾಗ ಚಾಲಕರು ದೀಪ ತಗ್ಗಿಸುವ ಮರ್ಯಾದೆ ಅಲ್ಲಿದೆ.

ಕಾನೂನಿನ ಮಾತು. 1989ರ ಕೇಂದ್ರ ಮೋಟಾರು ವಾಹನ ನಿಯಮಗಳಲ್ಲಿ, ದೀಪದಿಂದ 8 ಮೀಟರು ದೂರದಲ್ಲಿ, ನೆಲದಿಂದ ಒಂದೂವರೆ ಮೀಟರು ಎತ್ತರದಲ್ಲಿ ಕಣ್ಣಿರುವ ವ್ಯಕ್ತಿಗೆ ಕೋರೈಸದಂತೆ ಬೆಳಕು ತಗ್ಗಿರಬೇಕೆಂದು ಬರೆದಿದೆ. ಕಡತಗಳ ಭಾಷೆಗೆ ಒಗ್ಗಿದ ನಮಗೂ ಈ ವಾಕ್ಯ ಮೆಚ್ಚುಗೆಯಾಯಿತು. ಒಂದೂವರೆ ಮೀಟರೆಂದರೆ ನಮ್ಮ ಮಿತ್ರರ ತಾಯಿಯವರ ಕಣ್ಣೇ. ಕರ್ನಾಟಕದಲ್ಲಿ 2024ರ ಜುಲೈಯಿಂದ ಪೊಲೀಸರು ಕಣ್ಣು ಕುಕ್ಕುವ ದೀಪಗಳ ವಾಹನಗಳ ಮೇಲೆ ಮೊಕದ್ದಮೆ ಹೂಡಲು ತೊಡಗಿದರು. ಹೊಸೂರು ದಾಟಿ ಅತ್ತಿಬೆಲೆಗೆ ಕಾಲಿಡುವ ನಮ್ಮವರು ಇದನ್ನು ನೆನಪಿನಲ್ಲಿಡುವುದು ಒಳ್ಳೆಯದು. ಕ್ಸೆನಾನಿನ ಕಾಲ ಇಳಿದು ಈಗ ಅಂಗಡಿಗಳಲ್ಲಿ ಎಲ್.ಇ.ಡಿ. ಬಲ್ಬುಗಳದೇ ಭರಾಟೆ. ಹ್ಯಾಲೊಜೆನ್ ಕನ್ನಡಿಯಲ್ಲಿ ಅವನ್ನು ತುರುಕಿದರೂ ಕಥೆ ಬಹುಮಟ್ಟಿಗೆ ಇದೇ.

ಹಾಗಾದರೆ ಮಂಕು ದೀಪದಲ್ಲೇ ಒದ್ದಾಡಬೇಕೇ? ಬೇಡ. ನಮ್ಮ ಬೀದಿಯ ವಯಸ್ಸಾದ ಮೋಟಾರು ಎಲೆಕ್ಟ್ರಿಷಿಯನ್ನರು ನಮ್ಮ ಕಾರಿನ ದೀಪವನ್ನು ನೋಡಿ ಮೊದಲು ಕೇಳಿದ್ದು ಬಲ್ಬನ್ನಲ್ಲ, ನೀರನ್ನು. ಈಗಿನ ದೀಪದ ಮುಂಭಾಗ ಗಾಜಲ್ಲ, ಪ್ಲಾಸ್ಟಿಕ್ಕು. ಬಿಸಿಲಿಗೆ ಹಳದಿಯಾಗಿ ಪೊರೆ ಕಟ್ಟುತ್ತದೆ, ಅದರಲ್ಲಿಯೂ ಚೆನ್ನೈಯ ಬಿಸಿಲು. ಅತಿ ನಯವಾದ ಉಜ್ಜುಕಾಗದವನ್ನು ನೀರಿನಲ್ಲಿ ನೆನೆಸಿ ಉಜ್ಜಿ, ಪಾಲಿಷ್ ಹಚ್ಚಿ, ಅರ್ಧ ಗಂಟೆಯಲ್ಲಿ ಪೊರೆ ತೆಗೆದರು. ಆಮೇಲೆ ಮೀಟರು ಹಿಡಿದು ಬಲ್ಬಿನ ಬುಡದಲ್ಲಿ ವೋಲ್ಟೇಜು ನೋಡಿದರು. ಹಳೆಯ ಕಾರುಗಳಲ್ಲಿ ವಿದ್ಯುತ್ತು ಬ್ಯಾಟರಿಯಿಂದ ಚುಕ್ಕಾಣಿಯ ಪಕ್ಕದ ಸ್ವಿಚ್ಚಿಗೆ ಸುತ್ತಿ, ತೆಳ್ಳನೆಯ ತಂತಿಯಲ್ಲಿ ದೀಪಕ್ಕೆ ಬರುವಷ್ಟರಲ್ಲಿ ದಾರಿಯಲ್ಲೇ ಸೋರಿರುತ್ತದೆ. ವೋಲ್ಟೇಜು ನೂರಕ್ಕೆ 10 ಇಳಿದರೆ ಬೆಳಕು ನೂರಕ್ಕೆ 30ರಷ್ಟು ಇಳಿಯುತ್ತದೆಂಬುದನ್ನು ಕೇಳಿ ನಮಗೆ ಆಶ್ಚರ್ಯವಾಯಿತು. ಇದಕ್ಕೆ ರಿಲೇ ಎಂಬ ಚಿಕ್ಕ ಸಾಧನವೊಂದನ್ನು ಇಟ್ಟು, ಬ್ಯಾಟರಿಯಿಂದ ನೇರವಾಗಿ ದಪ್ಪ ತಂತಿ ಎಳೆದು, ನಡುವೆ ಫ್ಯೂಸ್ ಹಾಕಿದರು. ಹೊಸದೊಂದು ಜೊತೆ ಒಳ್ಳೆಯ 60/55 ವ್ಯಾಟಿನ ಹ್ಯಾಲೊಜೆನ್ ಬಲ್ಬು ಕೂರಿಸಿ, ಗೋಡೆಯ ಗೆರೆಗೆ ಸರಿಹೊಂದಿಸಿದರು. ಎಲ್ಲ ಸೇರಿ ಖರ್ಚು ನಮ್ಮ ಮನೆಯ ಒಂದು ತಿಂಗಳ ಹಾಲಿನ ಲೆಕ್ಕಕ್ಕಿಂತ ಕಡಿಮೆ. 100/90 ವ್ಯಾಟಿನ ಬಲ್ಬು ಹಾಕಿಸಿಕೊಳ್ಳಿರೆಂದು ಬೇರೊಬ್ಬರು ಸೂಚಿಸಿದ್ದುಂಟು; ಮೂಲ ತಂತಿಗಳು ಅಷ್ಟು ವಿದ್ಯುತ್ತು ಹೊರಲಾರದೆ ಕಾಯುತ್ತವೆ, ಕನ್ನಡಿಯ ಲೇಪವೂ ಸುಡುತ್ತದೆಂದು ಎಲೆಕ್ಟ್ರಿಷಿಯನ್ನರು ಒಪ್ಪಲಿಲ್ಲ. ಮಿತ್ರರೂ ಮರುವಾರ ಅವರಲ್ಲಿಗೇ ಹೋಗಿ ಹಳೆಯ ಬಲ್ಬುಗಳನ್ನು ಮತ್ತೆ ಹಾಕಿಸಿಕೊಂಡರು. ಅಂಗಡಿಯವರು ಕ್ಸೆನಾನ್ ಪೆಟ್ಟಿಗೆಗಳನ್ನು ಹಿಂದಕ್ಕೆ ತೆಗೆದುಕೊಳ್ಳಲಿಲ್ಲ. ಅವು ಈಗ ಅವರ ಮನೆಯ ಅಟ್ಟದಲ್ಲಿವೆ.

ಊರಿನಿಂದ ಮರಳುವಾಗ ಅಕ್ಕಿ, ತೆಂಗಿನಕಾಯಿ, ಉಪ್ಪಿನಕಾಯಿಯ ಜಾಡಿಗಳಿಂದ ಕಾರಿನ ಹಿಂಭಾಗ ತಗ್ಗಿರುತ್ತದೆ. ಆಗ ಯಾವ ದೀಪವೂ ಆಕಾಶ ನೋಡುತ್ತದೆ. ಅನೇಕ ಕಾರುಗಳಲ್ಲಿ ಚುಕ್ಕಾಣಿಯ ಬಳಿ ಸೊನ್ನೆಯಿಂದ ಮೂರರವರೆಗೆ ಅಂಕಿಗಳಿರುವ ಚಿಕ್ಕ ಚಕ್ರವಿರುವುದು ಇದಕ್ಕಾಗಿಯೇ; ಭಾರವಿದ್ದಷ್ಟೂ ದೊಡ್ಡ ಅಂಕಿಗೆ ತಿರುಗಿಸಬೇಕು. ಎದುರಿನವನ ದೀಪ ಕಣ್ಣಿಗೆ ಬಡಿದಾಗ ಅದನ್ನು ನೋಡದೆ, ವೇಗ ತಗ್ಗಿಸಿ, ರಸ್ತೆಯ ಎಡ ಅಂಚಿನ ಬಿಳಿಗೆರೆಯ ಮೇಲೆ ದೃಷ್ಟಿಯಿಟ್ಟು ಸಾಗುವುದು. ಬಲ್ಬನ್ನು ತಾವೇ ಬದಲಾಯಿಸುವವರು ಗಾಜಿನ ಭಾಗವನ್ನು ಬರಿಗೈಯಿಂದ ಮುಟ್ಟಬಾರದು. ಬೆರಳಿನ ಜಿಡ್ಡು ತಾಗಿದ ಕಡೆ ಗಾಜು ಹೆಚ್ಚು ಕಾದು ಬಲ್ಬು ಬೇಗ ಹಾಳಾಗುತ್ತದೆ. ತಪ್ಪಿ ತಾಗಿದರೆ, ಹೊತ್ತಿಸುವ ಮುನ್ನ, ಸ್ಪಿರಿಟ್ಟಿನಲ್ಲಿ ಅದ್ದಿದ ಶುದ್ಧ ಬಟ್ಟೆಯಿಂದ ಒರೆಸಿ ಒಣಗಲು ಬಿಡಬೇಕು.