ಬೇಸರ ಓದಿನ ಮೇಲೋ, ತೊಡಕುಗಳ ಮೇಲೋ?

‘ನಾಳೆಯಿಂದ ಕಾಲೇಜಿಗೆ ಹೋಗುವುದಿಲ್ಲ’ ಎಂದು ಮಗಳು ಬ್ಯಾಗು ಎಸೆದರೆ, ‘ಹಾಗಾದರೆ ಬಿಡು, ಗಂಡು ಹುಡುಕೋಣ’ ಎಂದುಬಿಡುವ ತಾಯಂದಿರಿದ್ದಾರೆ. ಸ್ವಲ್ಪ ತಾಳಿ. ಅವಳಿಗೆ ಬೇಡವಾಗಿರುವುದು ಓದೋ, ಅದರ ಸುತ್ತಲಿನ ತೊಡಕುಗಳೋ?

ಸವಳಂಗದಂತಹ ಊರಿನಿಂದ ಶಿವಮೊಗ್ಗದ ಕಾಲೇಜಿಗೆ ಹೋಗುವ ಹುಡುಗಿಗೆ ಬಸ್ಸೇ ಗಡಿಯಾರ. 2023ರ ಜೂನ್ 11ರಂದು ಆರಂಭವಾದ ‘ಶಕ್ತಿ’ ಯೋಜನೆಯಿಂದ ಸರಕಾರಿ ಬಸ್ಸಿನ ಟಿಕೆಟ್ ಹಣ ಉಳಿಯಿತು, ಸಮಯ ಉಳಿಯಲಿಲ್ಲ. ಸಹಪಾಠಿಗಳು ಸಂಜೆ ಪ್ರಾಜೆಕ್ಟಿಗೆ ಕುಳಿತರೆ ಇವಳು ಬಸ್ಸಿಗೆ ಓಡಬೇಕು. ಆಮೇಲೆ ‘ನೀನೇನೂ ಮಾಡಲಿಲ್ಲ’ ಎಂಬ ಮೂದಲಿಕೆ. ಇಲ್ಲವೇ ಎಲ್ಲರ ಪಾಲಿನ ಬರವಣಿಗೆಯೂ ಇವಳ ತಲೆಗೆ.

ಪಾಠದ್ದು ಇನ್ನೊಂದು ಕಥೆ. ರಾಜ್ಯದ ಪದವಿ ಕಾಲೇಜುಗಳಿಗೆ 2021-22ರಲ್ಲಿ ರಾಷ್ಟ್ರೀಯ ಶಿಕ್ಷಣ ನೀತಿಯ ಪಠ್ಯಕ್ರಮ ಬಂತು. 2024-25ರಲ್ಲಿ ಮತ್ತೆ ಬದಲಾಯಿತು. ಅಕ್ಕನ ನೋಟ್ಸು ತಂಗಿಗೆ ಪೂರ್ತಿ ಒದಗದು.

ಪರಿಹಾರವಿಲ್ಲವೆಂದಲ್ಲ. ಗುಂಪಿನ ಕೆಲಸವನ್ನು ಮೊದಲ ದಿನವೇ ಹೆಸರು ಬರೆದು ಹಂಚಿಕೊಳ್ಳಲಿ. ಆ ಪಟ್ಟಿ ಉಪನ್ಯಾಸಕರ ಬಳಿಯೂ ಇರಲಿ. ಇಂಗ್ಲಿಷ್ ಕಷ್ಟವೇ? ಇಂಗ್ಲಿಷ್ ಮಾಧ್ಯಮದ ಕೋರ್ಸಿನಲ್ಲೂ ಸ್ಥಳೀಯ ಭಾಷೆಯಲ್ಲಿ ಪರೀಕ್ಷೆ ಬರೆಯಲು ಬಿಡಿ ಎಂದು ಯುಜಿಸಿ 2023ರ ಏಪ್ರಿಲ್‌ನಲ್ಲಿ ವಿಶ್ವವಿದ್ಯಾಲಯಗಳನ್ನು ಕೇಳಿಕೊಂಡಿದೆ. ತನ್ನ ಕೋರ್ಸಿಗೆ ಆ ಅವಕಾಶವಿದೆಯೇ ಎಂದು ಅವಳು ವಿಚಾರಿಸಲಿ. ಅನ್ಯಾಯವೇ ಆಗಿದ್ದರೆ, 2023ರ ಯುಜಿಸಿ ನಿಯಮದಂತೆ ಕಾಲೇಜಿನಲ್ಲಿ ಇರಬೇಕಾದ ವಿದ್ಯಾರ್ಥಿ ಕುಂದುಕೊರತೆ ಸಮಿತಿಗೆ ಬರೆದು ಕೊಡಬಹುದು.

ಇನ್ನು ಮನೆಯ ಪಾಲು. ಸಂಜೆ ದಣಿದು ಬಂದವಳಿಗೆ ಪಾತ್ರೆ ತೋರಿಸುವ ಮುನ್ನ ಒಂದು ಲೋಟ ಚಹಾ ಕೊಟ್ಟು, ‘ಇವತ್ತು ಏನಾಯಿತಮ್ಮಾ?’ ಎಂದು ಕೇಳಿ. ಮಗನ ಓದಿಗೆಂದು ಬಿಟ್ಟುಕೊಡುವ ಒಂದು ತಾಸು ಮಗಳಿಗೂ ಸಲ್ಲಬೇಕಲ್ಲವೇ?