ತಂಬೂರಿ ಮೇಳಕ್ಕೆ ಒಂದಿಡೀ ಇರುಳು ಬೇಕು

ವಿಜಯದಶಮಿಯಂದು ಮೈಸೂರು ಅರಮನೆಯಿಂದ ಹೊರಡುವ ಜಂಬೂಸವಾರಿ ಸುಮಾರು 5 ಕಿಲೋಮೀಟರ್ ಸಾಗಿ ಬನ್ನಿಮಂಟಪ ಸೇರುತ್ತದೆ. 750 ಕೆ.ಜಿ. ತೂಕದ ಅಂಬಾರಿ ಬರುವ ಮೊದಲೇ ಡೊಳ್ಳು, ಕಂಸಾಳೆ, ವೀರಗಾಸೆ ತಂಡಗಳು ದಾರಿಯುದ್ದಕ್ಕೂ ಕುಣಿದು ದಣಿದಿರುತ್ತವೆ. ನಡೆಯುತ್ತಲೇ ರಂಜಿಸಬಲ್ಲ ಕಲೆಗಳಿಗೆ ಹೇಳಿ ಮಾಡಿಸಿದ ಮೆರವಣಿಗೆ ಅದು. ಆದರೆ ಇದೇ ಸೀಮೆಯ ತಂತಿವಾದ್ಯದ ಮೇಳವೊಂದಕ್ಕೆ ಆ ನಡಿಗೆ ಒಗ್ಗುವುದಿಲ್ಲ. ಮಂಟೇಸ್ವಾಮಿ ಎಂಬ ಗುರುವಿನ ಪರಂಪರೆಯಲ್ಲಿ ಕಥೆ ಹಾಡುವ ನೀಲಗಾರರ ತಂಬೂರಿ ಮೇಳವನ್ನು ಕೂತು ಕೇಳಬೇಕು, ಬೆಳಗಾಗುವ ತನಕ ಕೇಳಬೇಕು.

ತಂಬೂರಿ ಎಂದರೆ ಸಂಗೀತ ಕಛೇರಿಯಲ್ಲಿ ಗಾಯಕರ ಬೆನ್ನಹಿಂದೆ ಮೆಲ್ಲಗೆ ಮೊರೆಯುವ ವಾದ್ಯ ನೆನಪಾಗಬಹುದು. ನೀಲಗಾರರ ತಂಬೂರಿಯ ಗತ್ತೇ ಬೇರೆ. ಕಥೆ ಹೇಳುವ ಮುಖ್ಯ ಗಾಯಕನೇ ಅದನ್ನು ಹೆಗಲಿಗೆ ಆನಿಸಿ ಹಿಡಿಯುತ್ತಾನೆ. ಒಂದು ಕೈ ತಂತಿ ಮೀಟಿದರೆ ಇನ್ನೊಂದು ಕೈಯಲ್ಲಿ ಗಗ್ಗರ ಝಲ್ಲೆನ್ನುತ್ತದೆ. ಪಕ್ಕದಲ್ಲಿ ಡಕ್ಕೆ, ತಾಳ, ದನಿಗೂಡಿಸುವ ಹಿಮ್ಮೇಳ. ತಂತಿಯನ್ನು ಬೆರಳಲ್ಲಿ ಒತ್ತಿ ಸ್ವರ ಬದಲಿಸುವ ಪದ್ಧತಿ ಇಲ್ಲಿಲ್ಲ. ಶ್ರುತಿ ಇದ್ದಲ್ಲೇ ಇರುತ್ತದೆ, ರಾಗವೆಲ್ಲ ಕಂಠದ್ದು. ಆದ್ದರಿಂದ ತಂಬೂರಿಗೆ ಶ್ರುತಿಯ ಜೊತೆಗೆ ಲಯದ ಹೊಣೆಯೂ ಸೇರುತ್ತದೆ. ಗಾಯಕ ಪದ ನಿಲ್ಲಿಸಿ ಮಾತಿಗಿಳಿದಾಗ ಮೀಟು ನಿಧಾನವಾಗುತ್ತದೆ, ಪಾತ್ರಗಳ ಜಗಳ ಕಾವೇರುತ್ತಿದ್ದಂತೆ ಬೆರಳು ಚುರುಕಾಗುತ್ತದೆ. ಡಕ್ಕೆಯವನು ಆ ಬೆರಳನ್ನೇ ನೋಡುತ್ತಿರುತ್ತಾನೆ. ಗಾಯಕ ಸಾಲು ಬಿಟ್ಟಲ್ಲಿ ಹಿಮ್ಮೇಳ ಎತ್ತಿಕೊಳ್ಳುತ್ತದೆ, ಕೂತವರೂ ಸೊಲ್ಲು ಸೇರಿಸುತ್ತಾರೆ. ಆಮೇಲೆ ಮೇಳ ಎಲ್ಲಿ ಮುಗಿದು ಸಭೆ ಎಲ್ಲಿ ಶುರುವಾಯಿತು ಎಂದು ಹೇಳುವುದೇ ಕಷ್ಟ.

ಕಥೆಯೂ ಅಂಥದ್ದೇ. ಕಲ್ಯಾಣದಲ್ಲಿ ಶರಣರನ್ನೇ ಪರೀಕ್ಷೆಗೆ ಒಡ್ಡಿದ ಮಂಟೇಸ್ವಾಮಿ ಕಾವೇರಿ ಸೀಮೆಗೆ ಬರುತ್ತಾನೆ. ರಾಚಪ್ಪಾಜಿ ಅವನ ಶಿಷ್ಯ. ಕಮ್ಮಾರಿಕೆಯ ಪಾಂಚಾಳರ ಮನೆಯ ಹುಡುಗ ಕೆಂಪಣ್ಣನನ್ನು ಮಂಟೇಸ್ವಾಮಿ ಶಿಷ್ಯನನ್ನಾಗಿ ಪಡೆದು ಸಿದ್ದಪ್ಪಾಜಿಯಾಗಿಸುವ ಭಾಗವಂತೂ ಕೇಳುವವರ ಕರುಳು ಹಿಂಡುತ್ತದೆ. ಆ ಸಿದ್ದಪ್ಪಾಜಿ ಕಬ್ಬಿಣದ ಭಿಕ್ಷೆಗೆಂದು ಹಲಗೂರಿಗೆ ಹೋದರೆ ಅಲ್ಲಿನ ಪಾಂಚಾಳರು ಸುಲಭಕ್ಕೆ ಬಗ್ಗುವವರಲ್ಲ. ಒಂದಾದ ಮೇಲೊಂದು ಸತ್ವಪರೀಕ್ಷೆ. ಹಲಗೂರಿನ ಸಾಲು ಬಂತೆಂದರೆ ತೂಕಡಿಸುತ್ತಿದ್ದವರೂ ಎದ್ದು ಕೂರುತ್ತಾರೆ. ಬೈಗುಳ, ನಗು, ಅಳು ಎಲ್ಲವೂ ಈ ಭಾಗದ ಆಡುಮಾತಿನಲ್ಲೇ ಬರುತ್ತವೆ. ಅದರ ರುಚಿ ಅಚ್ಚಾದ ಪುಟದಲ್ಲಿ ಅರ್ಧ ಮಾತ್ರ ಸಿಗುತ್ತದೆ. ಹಾಗೆಂದು ಪುಟ ಬೇಡವೆನ್ನುತ್ತಿಲ್ಲ. ಹಿ.ಚಿ. ಬೋರಲಿಂಗಯ್ಯ ಅವರು ಸಂಪಾದಿಸಿದ ಮಂಟೇಸ್ವಾಮಿ ಕಾವ್ಯ ಕನ್ನಡದ ದೊಡ್ಡ ಆಸ್ತಿ.

ಈ ಕಾವ್ಯವನ್ನು ಕಾಪಾಡಿಕೊಂಡು ಬಂದವರು ಬಹುಮಟ್ಟಿಗೆ ದಲಿತ ಮತ್ತು ಹಿಂದುಳಿದ ಸಮುದಾಯಗಳ ಒಕ್ಕಲುಗಳು. ಮನೆಯ ಗಂಡುಮಗನೊಬ್ಬನಿಗೆ ನೀಲಗಾರ ದೀಕ್ಷೆ ಕೊಡಿಸುವುದು ವಾಡಿಕೆ. ದೀಕ್ಷೆ ಪಡೆದವನು ಜೋಳಿಗೆ, ಬೆತ್ತ ಹಿಡಿದು ಭಿಕ್ಷೆಗೆ ಹೋಗಬೇಕು, ಗುರುವಿನ ಕಥೆ ಹಾಡಬೇಕು. ಸಾವಿರಾರು ಸಾಲುಗಳನ್ನು ಹಿರಿಯರ ಹಿಮ್ಮೇಳದಲ್ಲಿ ನಿಂತೇ ಕಲಿಯುತ್ತಾ ಬಂದಿದ್ದಾರೆ. ಅರಮನೆಯ ಆಶ್ರಯದಲ್ಲಿ ಬೆಳೆದ ವೀಣೆಯ ಬಾನಿಯಿಂದ ಮೈಸೂರಿಗೆ ಎಷ್ಟು ಹೆಸರು ಬಂದಿದೆಯೋ ಅಷ್ಟೇ ಹೆಸರು ಈ ತಂಬೂರಿಯಿಂದಲೂ ಬರಬೇಕಿತ್ತು ಎಂದು ನನಗೆ ಬಲವಾಗಿ ಅನ್ನಿಸುತ್ತದೆ.

ಈಗ ನೀಲಗಾರರಿಗೆ ಸರ್ಕಾರಿ ಉತ್ಸವಗಳ ವೇದಿಕೆಯೂ ಸಿಗುತ್ತಿದೆ, ಸಂತೋಷ. ಆದರೆ ಹತ್ತು ನಿಮಿಷ ಹಾಡಿಸಿ, ಶಾಲು ಹೊದಿಸಿ ಇಳಿಸಿಬಿಟ್ಟರೆ ಕೇಳುಗರಿಗೆ ಸಿಗುವುದು ಬರೀ ಪೀಠಿಕೆ. ತಂಬೂರಿ ಬಿಸಿಯೇರುವುದಕ್ಕೇ ಅದಕ್ಕಿಂತ ಹೆಚ್ಚು ಹೊತ್ತು ಬೇಕು. ಪಂಜಿನ ಕವಾಯತು ನಡೆಯುವ ಬನ್ನಿಮಂಟಪದ ಮೈದಾನದ ಆಸುಪಾಸಿನಲ್ಲೇ ದಸರಾದ ಒಂದು ಇರುಳನ್ನು, ಧ್ವನಿವರ್ಧಕ ತಗ್ಗಿಸಿ, ಚಾಪೆ ಹಾಸಿ, ಒಂದೇ ಮೇಳಕ್ಕೆ ಬಿಟ್ಟುಕೊಟ್ಟು ನೋಡಬಾರದೇಕೆ?

ಅಲ್ಲಿಯವರೆಗೆ ಜಾತ್ರೆಗಳಿಗೇ ಹೋಗಬೇಕು. ಚಾಮರಾಜನಗರ ಜಿಲ್ಲೆಯ ಚಿಕ್ಕಲ್ಲೂರಿನಲ್ಲಿ ಸಿದ್ದಪ್ಪಾಜಿಯ ಗದ್ದುಗೆಯಿದೆ. ಸಂಕ್ರಾಂತಿಯ ಆಸುಪಾಸಿನ ಹುಣ್ಣಿಮೆಗೆ ಚಂದ್ರಮಂಡಲೋತ್ಸವದೊಂದಿಗೆ ಐದು ದಿನದ ಜಾತ್ರೆ ಶುರುವಾಗುತ್ತದೆ. ರಾಚಪ್ಪಾಜಿಯ ಕಪ್ಪಡಿ ಮೈಸೂರು ಜಿಲ್ಲೆಯಲ್ಲೇ, ಕಾವೇರಿ ದಡದಲ್ಲಿದೆ. ಅಲ್ಲಿನ ಜಾತ್ರೆ ಶಿವರಾತ್ರಿಯಿಂದ ಯುಗಾದಿಯವರೆಗೆ. ಹೊದೆಯಲು ಒಂದು ಕಂಬಳಿ ಇರಲಿ, ಮರುದಿನ ಕೆಲಸಕ್ಕೆ ರಜೆ ಹಾಕಿ ಹೋಗಿ.